ವಡೆಯ ಹಿಟ್ಟಿಗೆ ನೀರೆಷ್ಟು?

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯ ಅಧ್ಯಕ್ಷರೇ, ಸಮಿತಿಯ ಗೆಳತಿಯರೇ, ಇಲ್ಲಿ ಸೇರಿರುವ ಅಕ್ಕತಂಗಿಯರೇ, ನಮ್ಮನ್ನೆಲ್ಲ ಕಾರಿನಲ್ಲಿ ಕರೆತಂದು ಈಗ ಹಿಂದಿನ ಸಾಲಿನಲ್ಲಿ ಕುಳಿತಿರುವ ಯಜಮಾನರುಗಳೇ,

"ಮನೆಯಲ್ಲೇ ಕರಿದ ಬೇಳೆ ತಿಂಡಿಗಳು" ಎಂಬ ವಿಷಯದ ಮೇಲೆ ಮಾತಾಡಿ ಅಂತ ಕೇಳಿದಾಗ ನಾನು ಎರಡು ದಿನ ಒಪ್ಪಿಕೊಳ್ಳಲಿಲ್ಲ. ನನಗಿಂತ ಚೆನ್ನಾಗಿ ಅಂಬೊಡೆ ಮಾಡುವವರು ಈ ಸಭೆಯಲ್ಲೇ ಕಡಿಮೆ ಅಂದರೂ ಇಪ್ಪತ್ತು ಜನ ಇದ್ದೀರಿ. ಕೊನೆಗೆ ಒಪ್ಪಿದ್ದು ಒಂದು ಕಾರಣಕ್ಕೆ. ಚೆನ್ನಾಗಿ ಮಾಡುವವರಿಗೆ ಅದು ಹೇಗೆಲ್ಲ ಕೆಡುತ್ತದೆ ಎನ್ನುವುದು ಮರೆತುಹೋಗಿರುತ್ತದೆ. ನನಗೆ ಇನ್ನೂ ಮರೆತಿಲ್ಲ. ಯಾಕೆಂದರೆ ನಾನು ವಡೆ ಕಲಿತದ್ದು ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ.

ನಗಬೇಡಿ. ಅದಕ್ಕೂ ಒಂದು ಕಥೆ ಇದೆ.

ಮೈಸೂರಿನಿಂದ ಮದುವೆಯಾಗಿ ಈ ಊರಿಗೆ ಬಂದವಳು ನಾನು. ಬಂದ ಮೂರನೇ ತಿಂಗಳಿಗೆ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಅತ್ತೆ ಇದ್ದರು. ಅಡುಗೆಮನೆ ಅವರದು. ಹಬ್ಬ ಬಂದರೆ ನಾನು ತರಕಾರಿ ಹೆಚ್ಚುತ್ತಿದ್ದೆ, ಕಾಯಿ ತುರಿಯುತ್ತಿದ್ದೆ, ಎಲೆ ಹಾಕುತ್ತಿದ್ದೆ. ಬಾಣಲೆಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಅತ್ತೆ ಎಷ್ಟೋ ಸಲ ಕರೆದಿದ್ದಾರೆ: "ಬಾರೇ ಇಲ್ಲಿ, ಒಂದ್ಸಲ ಹಿಟ್ಟಿಗೆ ಕೈ ಹಾಕಿ ನೋಡು, ಆಗ ಗೊತ್ತಾಗತ್ತೆ." ನಾನು "ನೀವೇ ಮಾಡಿಬಿಡಿ ಅತ್ತೆ, ನಿಮ್ಮ ಕೈರುಚಿ ನನಗೆಲ್ಲಿ ಬರಬೇಕು" ಅನ್ನುತ್ತಿದ್ದೆ. ಕೇಳುವುದಕ್ಕೆ ಹೊಗಳಿಕೆ. ನಿಜವಾಗಿ ಅದು ತಪ್ಪಿಸಿಕೊಳ್ಳುವ ದಾರಿ. ಇಪ್ಪತ್ತೆರಡು ವರ್ಷ ಹಾಗೆಯೇ ತಪ್ಪಿಸಿಕೊಂಡೆ.

ಅವರು ಹೋದ ಮೇಲೆ ಮೊದಲ ವರ್ಷದ ತಿಥಿ ಮಠದಲ್ಲಿ ಆಯಿತು. ಅಡುಗೆಯವರೇ ಎಲ್ಲ ಮಾಡಿದರು. ಎರಡನೇ ವರ್ಷ ನಮ್ಮ ಯಜಮಾನರು, "ಅಮ್ಮ ಇದ್ದ ಮನೆಯಲ್ಲೇ ಮಾಡೋಣ" ಅಂದರು. ನನಗೂ ಹಾಗೇ ಅನ್ನಿಸಿತ್ತು. ತಿಥಿ ಅಂದರೆ ವಡೆ, ಅಂಬೊಡೆ ಎರಡೂ ಆಗಲೇಬೇಕು. ಅಂಗಡಿಯದು ತರುವ ಹಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ನಮ್ಮ ಮನೆಯಲ್ಲಿ ಅಂದು ಮೆಣಸಿನಕಾಯಿಯ ಬದಲು ಕಾಳುಮೆಣಸು. ಎಲ್ಲಕ್ಕಿಂತ ಕಷ್ಟದ ನಿಯಮ ನಿಮಗೇ ಗೊತ್ತು: ಬಡಿಸುವ ಮೊದಲು ರುಚಿ ನೋಡುವ ಹಾಗಿಲ್ಲ. ಕೆಟ್ಟರೆ ಕೆಟ್ಟಿತು, ಸರಿಮಾಡಿಕೊಳ್ಳಲು ಅವಕಾಶವೇ ಇಲ್ಲ.

ಒಂದು ವಾರ ಮೊದಲು, ಭಾನುವಾರ, ಪರೀಕ್ಷೆಗೆ ಕುಳಿತ ಹುಡುಗಿಯ ಹಾಗೆ ಎರಡೂ ಬೇಳೆ ನೆನೆಸಿದೆ. ಅತ್ತೆಯ ಒಂದು ಹಳೆಯ ನೋಟುಪುಸ್ತಕ ಇತ್ತು. ತೆಗೆದು ನೋಡಿದೆ. ಅಂಬೊಡೆ ಅಂತ ಬರೆದು ಕೆಳಗೆ "ಕಡ್ಲೆಬೇಳೆ 1 ಪಾವು, ಶುಂಠಿ, ಕಾಯಿ, ಕರಿಬೇವು, ಉಪ್ಪು" ಅಂತ ಇತ್ತು. ಅಷ್ಟೇ! ಎಷ್ಟು ಹೊತ್ತು ನೆನೆಸಬೇಕು? ಎಷ್ಟು ನೀರು? ಎಷ್ಟು ಉಪ್ಪು? ಒಂದಕ್ಕೂ ಉತ್ತರವಿಲ್ಲ. ಅವರಿಗೆ ಅದನ್ನು ಬರೆಯಬೇಕು ಅಂತಲೇ ಅನ್ನಿಸಿರಲಿಲ್ಲ. ಅದು ಅವರ ಕೈಯಲ್ಲಿತ್ತು.

ಆ ಭಾನುವಾರ ಆದದ್ದು ಹೇಳುತ್ತೇನೆ. ಬೇಳೆ ರಾತ್ರಿಯೆಲ್ಲ ನೆನೆದಿತ್ತು. ಮಿಕ್ಸಿ ತಿರುಗಲಿಲ್ಲ ಅಂತ ಅರ್ಧ ಲೋಟ ನೀರು ಹಾಕಿದೆ. ಅಂಬೊಡೆ ತಟ್ಟಿ ಎಣ್ಣೆಗೆ ಬಿಟ್ಟೆ. ಒಂದು ಕ್ಷಣ ಚೆನ್ನಾಗಿಯೇ ಇತ್ತು. ಆಮೇಲೆ ಬಿಚ್ಚಿಕೊಂಡು, ಬಾಣಲೆ ತುಂಬ ಕಡಲೆಬೇಳೆಯ ಚೂರು ತೇಲಿತು. ಉದ್ದಿನ ವಡೆ ಒಡೆಯಲಿಲ್ಲ, ಬದಲಿಗೆ ಎಣ್ಣೆ ಕುಡಿಯಿತು. ಕೈಯಲ್ಲಿ ಹಿಡಿದು ಒತ್ತಿದರೆ ಬೆರಳ ಸಂದಿಯಿಂದ ಎಣ್ಣೆ ಇಳಿಯುತ್ತಿತ್ತು. ನಾನು ಗ್ಯಾಸ್ ಆರಿಸಿ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಅತ್ತೆ ಹೋದ ದಿನ ಜನರ ಗದ್ದಲದಲ್ಲಿ ಅಳು ಬಂದಿರಲಿಲ್ಲ. ಅವತ್ತು ಬಂತು.

ನಮ್ಮ ಎದುರು ಮನೆಯಲ್ಲಿ ವಾರಂಗಲ್ ಕಡೆಯ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಪೆದ್ದಮ್ಮ ಅನ್ನುತ್ತೇವೆ. ಕರಿದ ವಾಸನೆಗೋ, ನನ್ನ ಅಳುವಿಗೋ, ಬಾಗಿಲು ತಟ್ಟಿ ಒಳಗೆ ಬಂದರು. ಬಾಣಲೆ ನೋಡಿದರು, ಪಾತ್ರೆಯ ಹಿಟ್ಟು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. "ಅಮ್ಮಾಯಿ, ಇದು ವಡೆ ಹಿಟ್ಟಲ್ಲ, ದೋಸೆ ಹಿಟ್ಟು" ಅಂದರು. ಸೆರಗು ಸಿಕ್ಕಿಸಿಕೊಂಡು ಅಲ್ಲೇ ಪಾಠ ಶುರುಮಾಡಿದರು. ಆ ಸಂಜೆ ಅವರು ಹೇಳಿಕೊಟ್ಟದ್ದು, ಆಮೇಲೆ ನಾನು ಓದಿ ತಿಳಿದದ್ದು, ಮಾಡಿ ಮಾಡಿ ಕಂಡುಕೊಂಡದ್ದು, ಮೂರನ್ನೂ ಸೇರಿಸಿ ಈಗ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲು ಅಂಬೊಡೆ. ಕರಾವಳಿಯವರು ಇದನ್ನೇ ಚಟ್ಟಂಬಡೆ ಅನ್ನುತ್ತಾರೆ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಕಡಲೆಬೇಳೆ ಅಂದರೆ ಅರ್ಥವಾಗದಿದ್ದರೆ ಶನಗಪಪ್ಪು ಅನ್ನಿ. 200 ಗ್ರಾಂ ಬೇಳೆ ತೊಳೆದು ಎರಡು ಗಂಟೆ ನೆನೆಸಿ. ಒಂದು ಬೇಳೆ ಎತ್ತಿ ಉಗುರಿನಿಂದ ಒತ್ತಿದರೆ ತುಂಡಾಗಬೇಕು, ಹಿಟ್ಟಾಗಬಾರದು. ಆಮೇಲೆ ತೂತಿನ ಪಾತ್ರೆಗೆ ಸುರಿದು ಕಾಲು ಗಂಟೆ ಸುಮ್ಮನೆ ಬಿಡಿ. ನಮ್ಮ ಆತುರದಲ್ಲಿ ಬಿಟ್ಟುಹೋಗುವುದು ಈ ಕಾಲು ಗಂಟೆಯೇ. ಬೇಳೆಗೆ ಅಂಟಿದ ನೀರೇ ಹಿಟ್ಟನ್ನು ಕೆಡಿಸುತ್ತದೆ.

ಎರಡು ಚಮಚ ಬೇಳೆ ಹಾಗೇ ತೆಗೆದಿಡಿ. ಉಳಿದದ್ದನ್ನು ಶುಂಠಿ, ಮೆಣಸಿನ ಜೊತೆ, ನೀರೇ ಹಾಕದೆ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಅರ್ಧ ತರಿ, ಅರ್ಧ ನುಣ್ಣಗೆ ಇರಬೇಕು. ಯಾಕೆ ಗೊತ್ತಾ? ಕಡಲೆಬೇಳೆಗೆ ಉದ್ದಿನ ಹಾಗೆ ಅಂಟು ಇಲ್ಲ. ನುಣ್ಣಗಾದ ಭಾಗವೇ ತರಿಯನ್ನು ಹಿಡಿದುಕೊಳ್ಳಬೇಕು. ಪೂರ್ತಿ ತರಿಯಾದರೆ ಬಿಚ್ಚಿಕೊಳ್ಳುತ್ತದೆ, ಪೂರ್ತಿ ನುಣ್ಣಗಾದರೆ ಕಲ್ಲಿನಂತಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ನೀರು ಹಾಕಬೇಡಿ. ಒಂದು ಹಿಡಿ ಹಿಟ್ಟನ್ನು ಮತ್ತೆ ನುಣ್ಣಗೆ ತಿರುಗಿಸಿ ಬೆರೆಸಿ. ತೀರಾ ನೀರಾಗಿದ್ದರೆ ಒಂದು ಚಮಚ ಅಕ್ಕಿಹಿಟ್ಟು. ಆಮೇಲೆ ತೆಗೆದಿಟ್ಟ ಬೇಳೆ, ಕಾಯಿತುರಿ, ಕರಿಬೇವು, ಕೊತ್ತಂಬರಿ. ಸಬ್ಬಸಿಗೆ ಸೊಪ್ಪು ಸಿಕ್ಕರೆ ಬಿಡಬೇಡಿ. ಅಂಗೈಯಲ್ಲಿ ತಟ್ಟುವಾಗ ನಡು ಸ್ವಲ್ಪ ದಪ್ಪ, ಅಂಚು ತೆಳ್ಳಗೆ.

ಇನ್ನು ಉದ್ದಿನ ವಡೆ. ಇಲ್ಲಿಯವರ ಗಾರೆಲು. ಉದ್ದಿನಬೇಳೆ, ಅಂದರೆ ಮಿನಪಪ್ಪು, 200 ಗ್ರಾಂ, ಇದೂ ಎರಡು ಗಂಟೆ ಸಾಕು. ಇದಕ್ಕೆ ನೀರು ಬೇಕು, ಆದರೆ ಚಮಚದ ಲೆಕ್ಕದಲ್ಲಿ. ತಣ್ಣೀರು ಒಂದೊಂದೇ ಚಮಚ ಚಿಮುಕಿಸುತ್ತಾ ರುಬ್ಬಿ. ಒಟ್ಟು ಮೂರು ನಾಲ್ಕು ದೊಡ್ಡ ಚಮಚ ದಾಟಬಾರದು. ಬೇಸಿಗೆಯಲ್ಲಿ, ಅದೂ ನಮ್ಮ ಹೈದರಾಬಾದಿನ ಏಪ್ರಿಲ್ ಮೇ ತಿಂಗಳಲ್ಲಿ, ಮಿಕ್ಸಿ ಜಾರು ಬೇಗ ಬಿಸಿಯಾಗುತ್ತದೆ. ಫ್ರಿಜ್‌ನ ನೀರು ಬಳಸಿ, ನಡುನಡುವೆ ನಿಲ್ಲಿಸಿ.

ರುಬ್ಬಿದ ಮೇಲೆ ಎರಡು ಮೂರು ನಿಮಿಷ ಕೈಯಿಂದ ಒಂದೇ ದಿಕ್ಕಿನಲ್ಲಿ ಚೆನ್ನಾಗಿ ಬಡಿಯಿರಿ. ಉದ್ದಿನ ಅಂಟು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಮೆತ್ತಗೆ ಹತ್ತಿಯ ಹಾಗೆ ಇರುವುದು ಈ ಗಾಳಿಯಿಂದಲೇ, ಸೋಡಾದಿಂದ ಅಲ್ಲ. ಸಾಕೋ ಬೇಕೋ ಅಂತ ತಿಳಿಯಲು ಒಂದು ಬಟ್ಟಲು ನೀರಿಗೆ ಚಿಟಿಕೆ ಹಿಟ್ಟು ಹಾಕಿ. ತೇಲಿದರೆ ಸಾಕು, ಮುಳುಗಿದರೆ ಇನ್ನೂ ಬಡಿಯಿರಿ. ಉಪ್ಪನ್ನು ಕೊನೆಯಲ್ಲಿ, ಎಣ್ಣೆ ಕಾದ ಮೇಲೆ ಬೆರೆಸಿ. ಮೊದಲೇ ಹಾಕಿಟ್ಟರೆ ಹಿಟ್ಟು ನೀರು ಬಿಡುತ್ತದೆ.

ಪೆದ್ದಮ್ಮ ಒಂದು ತೆಲುಗು ಗಾದೆ ಹೇಳಿದರು, ನೀವೂ ಕೇಳಿರುತ್ತೀರಿ: "ತಿಂಟೆ ಗಾರೆಲೇ ತಿನಾಲಿ, ವಿಂಟೆ ಭಾರತಮೇ ವಿನಾಲಿ." ತಿಂದರೆ ಗಾರೆಯನ್ನೇ ತಿನ್ನಬೇಕು, ಕೇಳಿದರೆ ಭಾರತವನ್ನೇ ಕೇಳಬೇಕು. ಅವರ ಮನೆಯಲ್ಲಿ ಪೆತ್ರಮಾಸಕ್ಕೆ, ಅಂದರೆ ನಮ್ಮ ಮಹಾಲಯ ಅಮಾವಾಸ್ಯೆಗೆ, ಹಿರಿಯರ ಹೆಸರಿನಲ್ಲಿ ಗಾರೆ ಕರಿಯುತ್ತಾರೆ. ನಾವು ತಿಥಿಗೆ ವಡೆ ಕರಿಯುತ್ತೇವೆ. ಭಾಷೆ ಬೇರೆ, ಹಿರಿಯರಿಗೆ ಎಡೆಯಿಡುವುದು ಒಂದೇ ಬೇಳೆ.

ಈ ನಂಟು ಇವತ್ತಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ "ಮಾನಸೋಲ್ಲಾಸ" ಎಂಬ ದೊಡ್ಡ ಗ್ರಂಥ ರಚಿಸಿದ. ಅದರಲ್ಲಿ ಅನ್ನಭೋಗ ಅಂತ ಊಟದ ಭಾಗವೇ ಇದೆ. ಅಲ್ಲಿ ಉದ್ದಿನಿಂದ ಮಾಡುವ ವಟಕ ಬರುತ್ತದೆ, ಘಾರಿಕಾ ಅನ್ನುವುದೂ ಬರುತ್ತದೆ. ವಟಕ ಅಂದಾಗ ನಮ್ಮ ವಡೆ, ಘಾರಿಕಾ ಅಂದಾಗ ಇವರ ಗಾರೆ ಕಿವಿಗೆ ಬೀಳುವುದಿಲ್ಲವೇ? ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ, ಬೀದರ ಜಿಲ್ಲೆ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮಲ್ಲಿ ಎಷ್ಟೋ ಮನೆಯವರು ಆ ಕಡೆಯಿಂದಲೇ ಬಂದು ಇಲ್ಲಿ ನೆಲೆಸಿದವರು. ಅತ್ತೆ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕಾರ್ಯಕ್ರಮ ಕೇಳಲು ಹೋದಾಗ ಅಂಥವರ ಜೊತೆ ಹರಟುತ್ತಿದ್ದುದು ನನಗೆ ನೆನಪಿದೆ. ಬರುವಾಗ ಯಾವುದಾದರೂ ಹೊಸ ಚಟ್ನಿಪುಡಿ ಕಲಿತು ಬರುತ್ತಿದ್ದರು. ಅವರು ಅರವತ್ತರಲ್ಲೂ ಕಲಿಯುತ್ತಿದ್ದರು. ಪಕ್ಕದಲ್ಲೇ ಇದ್ದ ನಾನು ಕಲಿಯಲಿಲ್ಲ.

ಈಗ ಎಣ್ಣೆಯ ವಿಷಯಕ್ಕೆ ಬರೋಣ. ಪೆದ್ದಮ್ಮ ನನಗೆ ಹೇಳಿದ ಮೊದಲ ಮಾತು, "ನೋಡಬೇಡ, ಕೇಳು." ವಡೆ ಎಣ್ಣೆಗೆ ಬಿದ್ದಾಗ ಚುರ್‌ ಅಂತ ಜೋರಾಗಿ ಸದ್ದು ಬರುತ್ತದೆ. ಅದು ಹಿಟ್ಟಿನ ನೀರು ಆವಿಯಾಗಿ ಹೊರಬರುವ ಸದ್ದು. ಆವಿ ಹೊರಕ್ಕೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಕ್ಕೆ ಹೋಗಲಾರದು. ಸದ್ದು ಇಳಿದು ಗುಳ್ಳೆ ಕಡಿಮೆಯಾಯಿತು ಅಂದರೆ ನೀರು ಮುಗಿಯುತ್ತಾ ಬಂತು, ತೆಗೆಯುವ ಹೊತ್ತಾಯಿತು ಅಂತ. ಹಿಟ್ಟಿನ ಚೂರು ಹಾಕಿದರೆ ತಳಕ್ಕೆ ಹೋಗಿ ತಕ್ಷಣ ಮೇಲೆ ಬರಬೇಕು. ತಳದಲ್ಲೇ ಕುಳಿತರೆ ಎಣ್ಣೆ ಕಾದಿಲ್ಲ. ಹಾಕಿದ ಕೂಡಲೇ ಕಂದುಬಣ್ಣಕ್ಕೆ ತಿರುಗಿದರೆ ಎಣ್ಣೆ ಮಿತಿಮೀರಿ ಕಾದಿದೆ, ಹೊರಗೆ ಕಪ್ಪು, ಒಳಗೆ ಹಸಿ.

ಒಂದೇ ಸಲಕ್ಕೆ ಎಂಟು ವಡೆ ತುಂಬಿದರೆ ಎಣ್ಣೆ ತಣ್ಣಗಾಗುತ್ತದೆ. ಸದ್ದು ಸಪ್ಪೆಯಾಗುತ್ತದೆ. ಆಗ ವಡೆ ಎಣ್ಣೆ ಕುಡಿಯುತ್ತದೆ. ನಾಲ್ಕು ನಾಲ್ಕೇ ಹಾಕಿ. ಇನ್ನೊಂದು ಗುಟ್ಟು: ಎಣ್ಣೆ ಹೆಚ್ಚಾಗಿ ಒಳಗಿಳಿಯುವುದು ವಡೆ ಹೊರಗೆ ಬಂದ ಮೇಲೆ, ಆರುವಾಗ. ಅದಕ್ಕೇ ಜಾಲರಿಯಲ್ಲಿ ಎತ್ತಿ ಬಾಣಲೆಯ ಮೇಲೆಯೇ ಒಂದೆರಡು ಸಲ ಕೊಡವಿ, ತೂತಿನ ತಟ್ಟೆಯಲ್ಲಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ.

ನಿಪ್ಪಟ್ಟಿನ ಬಗ್ಗೆ ಒಂದೇ ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಇವರು ಚೆಕ್ಕಲು ಅನ್ನುತ್ತಾರಲ್ಲ, ಅದೇ. ಅದಕ್ಕೆ ಹಾಕುವ ಕಡಲೆಬೇಳೆ ನೆನೆದು ಮೆತ್ತಗಾಗಿರಬೇಕು, ಮೇಲಿನ ನೀರು ಪೂರ್ತಿ ಆರಿರಬೇಕು. ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ. ಒಳಗೆ ಸಿಕ್ಕಿಕೊಂಡ ಆವಿಗೆ ದಾರಿ ಇಲ್ಲದಿದ್ದರೆ ಅದು ಸಿಡಿಯುತ್ತದೆ. ನನ್ನ ಎಡಗೈಯ ಮೇಲೆ ಒಂದು ಕಲೆ ಇದೆ, ಆಮೇಲೆ ಬೇಕಾದರೆ ತೋರಿಸುತ್ತೇನೆ.

ಆ ಕಲೆಯ ದೆಸೆಯಿಂದ ಕಲಿತ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬಾಣಲೆಗೆ ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೇಡ. ಕರಿಯುವಾಗ ಫೋನ್ ಬಂದರೆ ಗ್ಯಾಸ್ ಆರಿಸಿಯೇ ಹೋಗಿ. ಎಣ್ಣೆಗೆ ಬೆಂಕಿ ಹತ್ತಿದರೆ ಒಂದು ತೊಟ್ಟು ನೀರನ್ನೂ ಹಾಕಬಾರದು, ಬೆಂಕಿ ಮೇಲಕ್ಕೆ ಚಿಮ್ಮುತ್ತದೆ. ಗ್ಯಾಸ್ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಬಾಣಲೆಯನ್ನು ಅಲುಗಾಡಿಸದೆ ಬಿಡಿ. ಕೈ ಸುಟ್ಟರೆ ನಲ್ಲಿಯ ಕೆಳಗೆ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ಕೂಡಲೇ ತೆಗೆಯಿರಿ. ಟೂತ್‌ಪೇಸ್ಟ್, ಬೆಣ್ಣೆ, ಐಸು ಯಾವುದೂ ಬೇಡ. ಬೊಬ್ಬೆ ದೊಡ್ಡದಾದರೆ ಡಾಕ್ಟರ ಹತ್ತಿರ ಹೋಗಿ.

ಉಳಿದ ಎಣ್ಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಕೆಟ್ಟ ಅಂಶಗಳು ಸೇರುತ್ತಾ ಹೋಗುತ್ತವೆ. ಅವುಗಳ ಪ್ರಮಾಣ 25 ಶೇಕಡಾ ದಾಟಿದರೆ ಆ ಎಣ್ಣೆ ಬಳಸಬಾರದು ಎಂದು 2018ರ ಜುಲೈ 1ರಿಂದ ದೇಶದಲ್ಲಿ ಆಹಾರ ಸುರಕ್ಷತೆಯ ನಿಯಮವೇ ಇದೆ. ಹೋಟೆಲಿನವರು ಅದಕ್ಕೆ ಮೀಟರ್ ಇಡಬಹುದು. ನಮಗೆ ಮೂಗು, ಕಣ್ಣು ಇದೆ. ಕಮಟು ವಾಸನೆ, ಕಪ್ಪು ಬಣ್ಣ, ಹಾಕಿದ ಕೂಡಲೇ ನೊರೆ, ಬೇಗ ಹೊಗೆ, ಇವುಗಳಲ್ಲಿ ಒಂದು ಕಂಡರೂ ಸಾಕು, ಬಿಟ್ಟುಬಿಡಿ. ಇಲ್ಲದಿದ್ದರೆ ಆರಿಸಿ, ಸೋಸಿ, ಎರಡು ಮೂರು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ. ಸಿಂಕಿಗೆ ಸುರಿಯಬೇಡಿ. ಮೊದಲೇ ಕಡಿಮೆ ಎಣ್ಣೆ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಚಿಕ್ಕ ಬಾಣಲೆ, ಆಳವಾದದ್ದು, ಮೂರು ವಡೆ ಹಿಡಿಯುವಂಥದ್ದು ನಾಲ್ಕು ಜನರ ಮನೆಗೆ ಸಾಕು.

ಮತ್ತೆ ನನ್ನ ಕಥೆಗೆ ಬರುತ್ತೇನೆ. ಆ ವಾರ ಪೂರ್ತಿ ಆಫೀಸಿನಿಂದ ಬಂದು ದಿನಾ ಒಂದು ಹಿಡಿ ಬೇಳೆ ರುಬ್ಬಿ ಕರಿದೆ. ದಿನಾ ತೂಕ ಮಾಡಿದೆ, ರುಚಿ ನೋಡಿದೆ, ಅತ್ತೆಯ ನೋಟುಪುಸ್ತಕದ ಅದೇ ಪುಟದಲ್ಲಿ ಅವರ ಅಕ್ಷರದ ಕೆಳಗೆ ಬರೆದೆ: 200 ಗ್ರಾಂ ಬೇಳೆಗೆ ಉಪ್ಪು ಸಮನಾಗಿ ಒಂದು ಟೀ ಚಮಚ, ನೆನೆಸುವುದು ಎರಡು ಗಂಟೆ, ಸೋರಿಸುವುದು ಕಾಲು ಗಂಟೆ, ನೀರು ಇಲ್ಲ. ತಿಥಿಯ ದಿನ ರುಚಿ ನೋಡುವ ಹಾಗಿಲ್ಲವಲ್ಲ, ಅವತ್ತು ಆ ಬರಹವೇ ನನ್ನ ನಾಲಿಗೆ.

ತಿಥಿಯ ದಿನ ಪೆದ್ದಮ್ಮ ಬರಲಿಲ್ಲ. ನಮ್ಮ ಮನೆಯ ಮಡಿ ಅವರಿಗೆ ಗೊತ್ತು. ಕಲಿಸಿದವರೇ ಹೊರಗೆ, ಕಲಿತವಳು ಒಳಗೆ. ಅದು ನನಗೆ ಅವತ್ತು ಚುಚ್ಚಿತು, ಈಗಲೂ ಚುಚ್ಚುತ್ತದೆ. ಒದ್ದೆ ಕೂದಲು ಕಟ್ಟಿಕೊಂಡು ಒಬ್ಬಳೇ ಒಲೆಯ ಮುಂದೆ ನಿಂತೆ, ಕಿವಿಗೊಟ್ಟು ಕರಿದೆ. ಎರಡು ಅಂಬೊಡೆ ಅಂಚಿನಲ್ಲಿ ಬಿಚ್ಚಿಕೊಂಡವು. ಉಳಿದವು ನಿಂತವು. ಊಟಕ್ಕೆ ಕುಳಿತಾಗ ಮೈದುನ ಅಂಬೊಡೆ ಮುರಿದು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿಗೆ, ಅಮ್ಮ ಇದಕ್ಕಿಂತ ಒಂದು ಕಾಳು ಉಪ್ಪು ಜಾಸ್ತಿ ಹಾಕ್ತಿದ್ದಳು" ಅಂದ. ಬೇರೆ ದಿನವಾಗಿದ್ದರೆ ಬೇಜಾರಾಗುತ್ತಿತ್ತೇನೋ. ಅವತ್ತು ನನಗೆ ಸಮಾಧಾನವಾಯಿತು. ಉಪ್ಪಿನ ಒಂದು ಕಾಳು ಬಿಟ್ಟರೆ ಉಳಿದದ್ದೆಲ್ಲ ಅಮ್ಮನದೇ ಅಂತ ತಾನೇ ಅರ್ಥ?

ತಿಥಿಯ ಅಡುಗೆಯನ್ನು ಹೊರಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಒಂದು ಪಾವು ಬೇಳೆ ನೆನೆಸಿದೆ. ಈರುಳ್ಳಿ, ಹಸಿಮೆಣಸಿನಕಾಯಿ ಧಾರಾಳವಾಗಿ ಹಾಕಿ ಕರಿದು, ಬಿಸಿಬಿಸಿಯಾಗಿ ಪೆದ್ದಮ್ಮನ ಮನೆಗೆ ತೆಗೆದುಕೊಂಡು ಹೋದೆ. ಅವರು ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಕರಕ್‌ ಅಂತು. "ಹ್ಞೂಂ, ಈಗ ಸೊಸೆಯಾದೆ" ಅಂದರು.

ಈ ವರ್ಷ ತಿಥಿಗೆ ಮೊದಲು ಮಗನನ್ನು ಕರೆದೆ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಎಣ್ಣೆಯ ಉಷ್ಣತೆ ಅಳೆಯುವ ಒಂದು ಥರ್ಮಾಮೀಟರ್ ಹಿಡಿದು ಬಂದ. ನಾನು ಸದ್ದು ಕೇಳಿ "ಈಗ ಹಾಕು" ಅಂದೆ. ಅವನು ನೋಡಿ "175 ಡಿಗ್ರಿ ಅಮ್ಮ" ಅಂದ. ಪೆದ್ದಮ್ಮ ಕಲಿಸಿದ ಕಿವಿ, ಮಗನ ಯಂತ್ರ ಎರಡೂ ಒಂದೇ ಮಾತು ಹೇಳಿದವು. ಅವನು ಹಿಟ್ಟಿಗೆ ಕೈ ಹಾಕಿದ, ಮೊದಲ ವಡೆ ನಕ್ಷತ್ರದ ಆಕಾರಕ್ಕೆ ಬಂತು. ತಿಂದೆವು.

ಅಕ್ಕತಂಗಿಯರೇ, ಅಂಗಡಿಯಲ್ಲಿ ವಡೆ ಸಿಗುತ್ತದೆ, ನಾನೂ ತರುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ದಿನಾ ಕರಿದು ತಿನ್ನಿ ಅಂತಲೂ ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಅಮ್ಮ, ಅತ್ತೆ, ಅಜ್ಜಿ ಯಾರಾದರೂ ಬಾಣಲೆಯ ಮುಂದೆ ನಿಂತಿದ್ದರೆ ಈ ಹಬ್ಬಕ್ಕೆ ಅವರ ಪಕ್ಕ ನಿಂತುಕೊಳ್ಳಿ. ಹಿಟ್ಟಿಗೆ ಕೈ ಹಾಕಿ. ಅವರು ಉಪ್ಪು ಹಾಕುವ ಮೊದಲು ಅವರ ಅಂಗೈಯ ಕೆಳಗೆ ಒಂದು ಚಮಚ ಹಿಡಿಯಿರಿ, ಎಷ್ಟು ಅಂತ ಬರೆದಿಟ್ಟುಕೊಳ್ಳಿ. ನೀರೆಷ್ಟು ಅಂತ ಕೇಳಿ. "ಅಂದಾಜು ಕಣೇ" ಅಂತಾರೆ. ಬಿಡಬೇಡಿ, ಮತ್ತೆ ಕೇಳಿ.

ಕೇಳುವುದಕ್ಕೆ ನನಗೆ ಇಪ್ಪತ್ತೆರಡು ವರ್ಷ ಇತ್ತು. ನಾನು ಕೇಳಲಿಲ್ಲ.

ಹೊರಗೆ ಮೇಜಿನ ಮೇಲೆ ಅಂಬೊಡೆ ಇದೆ, ಬೆಳಿಗ್ಗೆ ಮಗನೂ ನಾನೂ ಸೇರಿ ಕರಿದದ್ದು. ತಿಂದು ನೋಡಿ ಉಪ್ಪು ಹೇಗಿದೆ ಅಂತ ಹೇಳಿ.

ಸಿರಿಗನ್ನಡಂ ಗೆಲ್ಗೆ.